ತಾಳಮದ್ದಳೆಯ ಮಾತು ತಿಳಿಯಬೇಕು: ಮನೆಯ ಬ್ಲೂಟೂತ್ ಸ್ಪೀಕರ್ ಸರಿಮಾಡಿಕೊಂಡ ನನ್ನ ಅನುಭವ

ನಮ್ಮ ಮನೆ ಶಿರಸಿ ಪೇಟೆಯಿಂದ ಸ್ವಲ್ಪ ಒಳಗೆ. ಸಂಜೆ ಆಯ್ತು ಅಂದ್ರೆ ಸ್ಪೀಕರಿನಲ್ಲಿ ತಾಳಮದ್ದಳೆ ಶುರು. ಯಕ್ಷಗಾನದಲ್ಲಾದರೆ ಕುಣಿತ ಇದೆ, ವೇಷ ಇದೆ, ಕಣ್ಣಿಗೂ ಕೆಲಸ ಇರುತ್ತದೆ. ತಾಳಮದ್ದಳೆಯಲ್ಲಿ ಅದೇನೂ ಇಲ್ಲ. ಭಾಗವತರ ಪದ್ಯ, ಹಿಮ್ಮೇಳ, ಆಮೇಲೆ ಅರ್ಥಧಾರಿಗಳ, ಅಂದರೆ ಕೂತಲ್ಲೇ ಪಾತ್ರಗಳಾಗಿ ವಾದಿಸುವವರ, ಮಾತು. ಆ ಮಾತಿನ ಒಂದು ಶಬ್ದ ತಪ್ಪಿದರೂ ವಾದದ ಎಳೆ ಕೈತಪ್ಪಿ ಹೋಗುತ್ತದೆ.

ಅಪ್ಪಯ್ಯನ ದೂರು ಅದೇ ಆಗಿತ್ತು. "ತಮಾ, ಸೌಂಡ್ ಬೇಕಾದಷ್ಟಿದ್ದು, ಮಾತೇ ತಿಳೀತಿಲ್ಲೆ." ವಾಲ್ಯೂಮ್ ಏರಿಸಿದರೆ ಅಡುಗೆಮನೆಗೂ ಕೇಳುತ್ತಿತ್ತು, ಆದರೆ ಅವರಿಗೆ ಮಾತ್ರ ತಿಳಿಯುತ್ತಿರಲಿಲ್ಲ. ಹೊಸ ಸ್ಪೀಕರ್ ತರೋಣ ಅಂತ ಮನೆಯಲ್ಲಿ ಮಾತು ಬಂತು. ಅದಕ್ಕೂ ಮೊದಲು ಇರುವುದನ್ನೇ ಜಗಲಿಗೆ ಒಯ್ದು ಅದೇ ಪ್ರಸಂಗ ಹಾಕಿದೆ. ಮಾತು ಬಿಡಿಬಿಡಿಯಾಗಿ ಕೇಳಿಸಿತು. ಒಳಗೆ ಟಿವಿ ಕೋಣೆಗೆ ತಂದರೆ ಮತ್ತೆ ಬಾವಿಯೊಳಗಿಂದ ಮಾತಾಡಿದ ಹಾಗೆ. ಅಲ್ಲಿಗೆ ಸ್ಪೀಕರ್ ಚೆನ್ನಾಗೇ ಇದೆ, ಕೋಣೆಯನ್ನು ನೋಡಬೇಕು ಅಂತ ಗೊತ್ತಾಯ್ತು. ನೀವೂ ದುಡ್ಡು ಖರ್ಚು ಮಾಡುವ ಮೊದಲು ಇದೊಂದು ಪರೀಕ್ಷೆ ಮಾಡಿ. ಸ್ಪೀಕರನ್ನು ಬೇರೆ ಕೋಣೆಗೆ, ಆಗದಿದ್ದರೆ ಅಂಗಳಕ್ಕೆ ಒಯ್ದು ಕೇಳಿ.

ಜಗಲಿಗೆ ಹಂಚಿನ ಮಾಡು. ಇಳಿಜಾರು, ಅದರ ಕೆಳಗೆ ಹಂಚು ಹೊರುವ ಮರದ ಪಕಾಸು, ರೀಪು. ಶಬ್ದ ಅಲ್ಲಿ ಹೋಗಿ ಚೆದುರುತ್ತದೆ, ಹಂಚಿನ ಸಂದಿಯಲ್ಲಿ ಒಂದಷ್ಟು ಹೊರಗೂ ಹೋಗುತ್ತದೆ. ಟಿವಿ ಕೋಣೆ ಆಮೇಲೆ ಕಟ್ಟಿದ್ದು. ಮೇಲೆ ಸ್ಲ್ಯಾಬು, ಕೆಳಗೆ ಟೈಲ್ಸ್, ನಾಲ್ಕೂ ಕಡೆ ನುಣ್ಣನೆಯ ಪ್ಲಾಸ್ಟರ್. ನಡುವೆ ನಿಂತು ಒಂದು ಚಪ್ಪಾಳೆ ಹೊಡೆದರೆ "ಟರ್‌ರ್" ಅಂತ ಬಾಲ ಎಳೆದುಕೊಂಡು ಹೋಗುತ್ತಿತ್ತು. ಎದುರುಬದುರು ಗೋಡೆಗಳ ನಡುವೆ ಶಬ್ದ ಓಡಾಡುವುದರ ಗುರುತು ಅದು. ಒಂದು ಅಕ್ಷರ ಮುಗಿಯುವ ಮೊದಲೇ ಹಿಂದಿನ ಅಕ್ಷರದ ಪ್ರತಿಧ್ವನಿ ಬಂದು ಅದರ ಮೇಲೆ ಕೂರುತ್ತದೆ. ವಾಲ್ಯೂಮ್ ಏರಿಸಿದರೆ ಪ್ರತಿಧ್ವನಿಯೂ ಅಷ್ಟೇ ಏರುತ್ತದೆ, ಲಾಭ ಏನೂ ಇಲ್ಲ.

ಸ್ಪೀಕರ್ ಇದ್ದದ್ದು ನಾಗಂದಿಗೆಯ ಮೇಲೆ, ಗೋಡೆಯ ಎತ್ತರದ ಹಲಗೆಯಲ್ಲಿ. ಮಕ್ಕಳ ಕೈಗೆ ಸಿಗಬಾರದು, ಪ್ಲಗ್ಗೂ ಅಲ್ಲೇ ಇದೆ. ಆದರೆ ಶಬ್ದದ ದೃಷ್ಟಿಯಿಂದ ಅದಕ್ಕಿಂತ ಕಷ್ಟದ ಜಾಗ ಇಲ್ಲ. ಹಿಂದೆ ಗೋಡೆ, ಪಕ್ಕದಲ್ಲಿ ಮೂಲೆ, ತಲೆಯ ಮೇಲೆ ಸ್ಲ್ಯಾಬು. ಕೆಳಸ್ವರ, ಅಂದರೆ ಬಾಸ್, ಎಲ್ಲಾ ದಿಕ್ಕಿಗೂ ಹರಡುತ್ತದೆ. ಹತ್ತಿರ ಗೋಡೆ ಇದ್ದರೆ ಅದು ತಿರುಗಿ ಬಂದು ನೇರ ಸ್ವರದ ಜೊತೆ ಸೇರಿಕೊಳ್ಳುತ್ತದೆ. ಲೆಕ್ಕದ ಪ್ರಕಾರ ಒಂದೊಂದು ಗೋಡೆಯೂ ಕೆಳಸ್ವರವನ್ನು 6 ಡೆಸಿಬೆಲ್ (ಶಬ್ದದ ಜೋರಿನ ಅಳತೆ) ತನಕ ಏರಿಸಬಹುದು. ಮೇಲ್ಸ್ವರ (ಟ್ರೆಬಲ್) ಹಾಗಲ್ಲ. ಅದು ಸ್ಪೀಕರಿನ ಮುಖ ಇರುವ ಕಡೆ ಹೆಚ್ಚು ಹೋಗುತ್ತದೆ. ನಾಗಂದಿಗೆಯ ಮೇಲಿಂದ ಅದು ಎದುರಿನ ಗೋಡೆಗೆ ಹೋಗುತ್ತಿತ್ತು, ಅಪ್ಪಯ್ಯನ ಕಿವಿಗಲ್ಲ. "ತ", "ಕ", "ಸ" ಇಂಥ ವ್ಯಂಜನಗಳು ತಿಳಿಯುವುದು ಈ ಮೇಲ್ಸ್ವರದಿಂದಲೇ.

ಮೊದಲು ಸ್ಪೀಕರನ್ನು ಕೆಳಗಿಳಿಸಿದೆ. ಕೂತವರ ಕಿವಿಯ ಎತ್ತರಕ್ಕೆ ಬರುವ ಒಂದು ಗಟ್ಟಿ ಸ್ಟೂಲು, ಹಿಂದಿನ ಗೋಡೆಯಿಂದ ಒಂದೂವರೆ ಅಡಿ ಮುಂದೆ, ಮುಖ ನೇರ ಕುರ್ಚಿಗೆ. ಸ್ಟೂಲಿನ ಹಲಗೆ ಅದುರಬಾರದು ಅಂತ ಸ್ಪೀಕರಿನ ಕೆಳಗೆ ದಪ್ಪ ರಬ್ಬರ್ ತುಂಡು. ಹಳೇ ಯೋಗಾ ಮ್ಯಾಟ್ ಕತ್ತರಿಸಿ ಎರಡು ಪದರ ಹಾಕಿದರೂ ಸಾಕು. ಇಷ್ಟಕ್ಕೇ ಅರ್ಧ ಕೆಲಸ ಆಯ್ತು.

ಆದರೂ ಕೆಲವು ಗಂಡು ದನಿ ಒಂದೊಂದು ಕಡೆ ಗುಮ್ ಅನ್ನುತ್ತಿತ್ತು. ಎಲ್ಲಾ ಮಾತೂ ಅಲ್ಲ, ದನಿ ಒಂದು ಸ್ವರಕ್ಕೆ ಇಳಿದಾಗ ಮಾತ್ರ. ಅದನ್ನು ಹುಡುಕಲು ಫೋನಿಗೆ ಬೇಕಾದ ಸ್ವರ ನುಡಿಸುವ ಟೋನ್ ಜನರೇಟರ್ ಆ್ಯಪ್ ಹಾಕಿಕೊಂಡೆ, ಬಿಟ್ಟಿ ಸಿಗುತ್ತದೆ. ಸಣ್ಣ ವಾಲ್ಯೂಮಿನಲ್ಲಿ 80 ಹರ್ಟ್ಜ್‌ನಿಂದ 200ರ ತನಕ (ಹರ್ಟ್ಜ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ) ನಿಧಾನ ಏರಿಸುತ್ತಾ ಹೋದೆ. 110 ದಾಟುತ್ತಿದ್ದಂತೆ ಕೋಣೆಯೇ ತುಂಬಿಕೊಂಡಿತು. ಇನ್ನೂ ಸ್ವಲ್ಪ ಏರಿಸಿದರೆ ಇಳಿಯಿತು. ಟೇಪು ಹಿಡಿದು ಅಳೆದೆ. ಕೋಣೆ 14 ಅಡಿ ಉದ್ದ, 10 ಅಡಿ ಅಗಲ, ಎತ್ತರವೂ 10 ಅಡಿ. ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರ್. ಅದನ್ನು ಗೋಡೆಗಳ ನಡುವಿನ ದೂರದ ಎರಡು ಪಟ್ಟಿನಿಂದ ಭಾಗಿಸಿದರೆ ಆ ಜೋಡಿ ಗೋಡೆ ಯಾವ ಸ್ವರಕ್ಕೆ ಅನುರಣಿಸುತ್ತದೆ ಅಂತ ಸಿಗುತ್ತದೆ. 10 ಅಡಿಗೆ, ಅಂದರೆ 3.05 ಮೀಟರಿಗೆ, ಸುಮಾರು 57 ಹರ್ಟ್ಜ್. ಅದರ ದುಪ್ಪಟ್ಟು 113. ಅಗಲ, ಎತ್ತರ ಎರಡೂ ಒಂದೇ ಆದ್ದರಿಂದ ಎರಡೂ ಸೇರಿ ಒಂದೇ ಸ್ವರವನ್ನು ಎತ್ತಿ ಹಿಡಿಯುತ್ತಿದ್ದವು. ಗಂಡಸಿನ ಮಾತಿನ ಮೂಲ ಸ್ವರ ಹೆಚ್ಚಾಗಿ ಓಡಾಡುವುದೂ 100–150 ಹರ್ಟ್ಜ್ ಆಸುಪಾಸಿನಲ್ಲೇ. ಮನೆ ಕಟ್ಟಿಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ಕೇಳಿ: ಕೋಣೆಯ ಎರಡು ಅಳತೆ ಒಂದೇ ಆಗದ ಹಾಗೆ ನೋಡಿಕೊಳ್ಳಿ.

ಕಟ್ಟಿದ ಗೋಡೆಯನ್ನು ಸರಿಸಲಾಗದು, ಕುರ್ಚಿ ಸರಿಸಬಹುದಲ್ವಾ? ಅಪ್ಪಯ್ಯನ ಆರಾಮ ಕುರ್ಚಿ 14 ಅಡಿಯ ಉದ್ದ ಗೋಡೆಗೆ ತಾಗಿ ಇತ್ತು. ಗೋಡೆಯ ಬುಡದಲ್ಲಿ ಇಂಥ ಸ್ವರಗಳೆಲ್ಲ ಅತಿ ಜೋರಾಗಿರುತ್ತವೆ. ಆ 113ರ ಸ್ವರ ತೀರಾ ತಗ್ಗುವುದು ಅಗಲದ ಕಾಲು ಭಾಗದಲ್ಲಿ, ನಮ್ಮ ಕೋಣೆಯಲ್ಲಿ ಗೋಡೆಯಿಂದ ಎರಡೂವರೆ ಅಡಿಗೆ. ಕುರ್ಚಿಯನ್ನು ಅಷ್ಟು ಮುಂದೆ ತಂದೆ. ಟೋನ್ ಹಾಕಿಕೊಂಡೇ ಕೂತು ತಲೆ ಹಿಂದೆ ಮುಂದೆ ಆಡಿಸಿದರೆ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ. ಉಳಿದ ಚೂರನ್ನು ಈಕ್ವಲೈಜರಿನಲ್ಲಿ (ಒಂದೊಂದು ಸ್ವರಪಟ್ಟಿಯನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಸೆಟ್ಟಿಂಗ್) 125 ಹರ್ಟ್ಜ್ ಪಟ್ಟಿಯನ್ನು 3–4 ಡೆಸಿಬೆಲ್ ಇಳಿಸಿ ಸರಿಮಾಡಿದೆ. ಈಕ್ವಲೈಜರಿನಲ್ಲಿ ಏರಿಸುವುದಕ್ಕಿಂತ ಇಳಿಸುವುದೇ ಒಳ್ಳೇದು. ಬೇಡದ್ದು ಇಳಿದರೆ ಬೇಕಾದ್ದು ತಾನಾಗಿ ಎದ್ದು ಕಾಣುತ್ತದೆ. ಸಣ್ಣ ಸ್ಪೀಕರಿಗೆ ಜಾಸ್ತಿ ಏರಿಸಿದರೆ ಅದು ಒಡಕು ದನಿ ಮಾಡುತ್ತದೆ. ಫೋನಿನ "ಬಾಸ್ ಬೂಸ್ಟ್", "ಸರೌಂಡ್" ಇವನ್ನೆಲ್ಲ ಆಫ್ ಮಾಡಿ.

ಚಪ್ಪಾಳೆಯ ಬಾಲ ಕತ್ತರಿಸಲು ಟೈಲ್ಸ್ ಮೇಲೆ ದಪ್ಪ ಜಮಖಾನ ಹಾಸಿದೆವು. ಸ್ಪೀಕರ್ ಮತ್ತು ಕುರ್ಚಿಯ ನಡುವೆ ಹಾಸಬೇಕು, ಶಬ್ದ ನೆಲಕ್ಕೆ ಬಡಿದು ಕಿವಿಗೆ ಬರುವುದು ಅಲ್ಲಿಂದಲೇ. ಕುರ್ಚಿಯ ಹಿಂದಿನ ಗೋಡೆಗೆ ಕಂಬಳಿ ತೂಗು ಹಾಕಿದೆ, ಗೋಡೆಗೆ ಅಂಟಿಸದೆ ಮೂರು ನಾಲ್ಕು ಇಂಚು ಸಂದಿ ಬಿಟ್ಟು. ಸಂದಿ ಇದ್ದರೆ ಇನ್ನೂ ಕೆಳಗಿನ ಸ್ವರವನ್ನೂ ಅದು ಹೀರುತ್ತದೆ. ಇನ್ನೊಂದು ಕಾರಣ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ: ಮಳೆಗಾಲದಲ್ಲಿ ಗೋಡೆಗೆ ಅಂಟಿದ ಬಟ್ಟೆಗೆಲ್ಲ ಬೂಷ್ಟು ಹಿಡಿಯುತ್ತದೆ. ಗಾಳಿ ಆಡಿದರೆ ಅಷ್ಟು ಹಿಡಿಯುವುದಿಲ್ಲ. ತೆಳು ಪರದೆಯಿಂದ ಹೆಚ್ಚು ಪ್ರಯೋಜನ ಇಲ್ಲ, ಅದು ತೀರಾ ಮೇಲಿನ ಸ್ವರವನ್ನಷ್ಟೇ ತಗ್ಗಿಸುತ್ತದೆ.

ಇಷ್ಟಾದ ಮೇಲೆ ವೈರ್‌ಲೆಸ್ ವಿಷಯ. ಎಲ್ಲಾ ಬ್ಲೂಟೂತ್ ಸ್ಪೀಕರಿನಲ್ಲೂ ಎಸ್‌ಬಿಸಿ ಅನ್ನುವ ಕೋಡೆಕ್, ಅಂದರೆ ಶಬ್ದವನ್ನು ಕುಗ್ಗಿಸಿ ಕಳಿಸುವ ವಿಧಾನ, ಇದ್ದೇ ಇರುತ್ತದೆ. ಕೆಲವದರಲ್ಲಿ ಎಎಸಿ, ಆಪ್ಟ್‌ಎಕ್ಸ್, ಎಲ್‌ಡ್ಯಾಕ್ ಕೂಡ. ಸಿ.ಡಿ.ಯಲ್ಲಿ ಸೆಕೆಂಡಿಗೆ 1411 ಕಿಲೋಬಿಟ್ ಇದ್ದರೆ ಎಸ್‌ಬಿಸಿಯಲ್ಲಿ ಸಾಮಾನ್ಯವಾಗಿ ಹೆಚ್ಚೆಂದರೆ 328, ಎಲ್‌ಡ್ಯಾಕ್‌ನಲ್ಲಿ 990ರ ತನಕ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆಯುತ್ತದೆ. ಯಾವ ಕೋಡೆಕ್ ಓಡುತ್ತಿದೆ ಅಂತ ಅಲ್ಲಿ ಕಾಣಿಸುತ್ತದೆ, ಬದಲಾಯಿಸಲೂಬಹುದು. ಐಫೋನಿನಲ್ಲಿ ಈ ಆಯ್ಕೆ ಇಲ್ಲ, ಸ್ಪೀಕರ್ ಒಪ್ಪಿದರೆ ಅದು ಎಎಸಿಯಲ್ಲೇ ಕಳಿಸುತ್ತದೆ. ಆದರೆ ನಿಜ ಹೇಳಬೇಕೆಂದರೆ ತಾಳಮದ್ದಳೆಯ ಮಾತಿಗೆ ಕೋಡೆಕ್‌ನಿಂದ ಆಗುವ ವ್ಯತ್ಯಾಸ ಸಣ್ಣದು. ಕುರ್ಚಿ ಎರಡೂವರೆ ಅಡಿ ಸರಿಸಿದ್ದರಿಂದ ಆದದ್ದು ದೊಡ್ಡದು. ಮೂಲ ಫೈಲೇ ಕೆಟ್ಟಿದ್ದರಂತೂ ಯಾವ ಕೋಡೆಕ್ಕೂ ಏನೂ ಮಾಡಲಾರದು. ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಮಾಮೂಲಿಯಾಗಿ ಕಳಿಸಿದರೆ ಅದು ಕುಗ್ಗುತ್ತದೆ. ಒಳ್ಳೇ ರೆಕಾರ್ಡಿಂಗ್ ಸಿಕ್ಕರೆ ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಕೇಳಿ.

ತಡೆತಡೆದು ಬರುವುದಕ್ಕೆ ಕಾರಣ ಬೇರೆ. ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಜ್‌ನಲ್ಲಿ, ಹಳೇ ವೈಫೈ ಕೂಡ ಅಲ್ಲೇ. ಆ ತರಂಗವನ್ನು ನೀರು ಚೆನ್ನಾಗಿ ಹೀರುತ್ತದೆ, ನಮ್ಮ ಮೈಯಲ್ಲಿ ಇರುವುದು ಹೆಚ್ಚಾಗಿ ನೀರೇ. ಫೋನ್ ಕಿಸೆಯಲ್ಲಿಟ್ಟುಕೊಂಡು ಚಿರೆಕಲ್ಲಿನ ದಪ್ಪ ಗೋಡೆ ದಾಟಿ ಅಡುಗೆಮನೆಗೆ ಹೋದರೆ ಹಾಡು ನಿಲ್ಲದೆ ಇನ್ನೇನು? ಫೋನನ್ನು ಸ್ಪೀಕರ್ ಇರುವ ಕೋಣೆಯಲ್ಲೇ ಬಿಡಿ. ರೂಟರಿನಲ್ಲಿ 5 ಗಿಗಾಹರ್ಟ್ಜ್ ಇದ್ದರೆ ಫೋನನ್ನು ಅದಕ್ಕೆ ಜೋಡಿಸಿ.

ಟಿವಿಗೆ ಬ್ಲೂಟೂತ್ ಸ್ಪೀಕರ್ ಜೋಡಿಸಿ ಯಕ್ಷಗಾನ ನೋಡುವವರಿಗೆ ಒಂದು ಮಾತು. ಬ್ಲೂಟೂತ್‌ನಲ್ಲಿ ಶಬ್ದ ಸೆಕೆಂಡಿನ ಐದನೇ ಒಂದು ಭಾಗದಷ್ಟು ತಡವಾಗಿ ಬರುವುದು ಮಾಮೂಲು. ಮಾತಿನಲ್ಲಿ ಹೇಗೋ ನಡೆದೀತು, ಕುಣಿತದಲ್ಲಿ ನಡೆಯುವುದಿಲ್ಲ. ಹೆಜ್ಜೆ ಒಂದು ಕಡೆ, ಚಂಡೆಯ ಪೆಟ್ಟು ಇನ್ನೊಂದು ಕಡೆ. ಸ್ಪೀಕರಿಗೆ ಆಕ್ಸ್ ತೂತು (ವೈರ್ ಚುಚ್ಚುವ ಜಾಗ) ಇದ್ದರೆ ವೈರೇ ಹಾಕಿ. ಇಂಥ ಕಡೆ ವೈರ್‌ಲೆಸ್ ಹಟ ಬೇಡ.

ಜೋರು ಮಳೆಗೆ ನನ್ನ ಹತ್ತಿರ ಇರುವ ಉಪಾಯ ಒಂದೇ. ಮಳೆ ಬಡಿಯುವ ಸದ್ದು ವ್ಯಂಜನಗಳನ್ನೇ ನುಂಗುತ್ತದೆ. ಆಗ ಸ್ಟೂಲನ್ನು ಎತ್ತಿ ಕುರ್ಚಿಯ ಪಕ್ಕ, ಮೂರಡಿ ದೂರಕ್ಕೆ ತರುತ್ತೇನೆ. ದೂರ ಅರ್ಧ ಆದರೆ ನೇರ ಶಬ್ದ 6 ಡೆಸಿಬೆಲ್ ಏರುತ್ತದೆ, ಪ್ರತಿಧ್ವನಿ ಇದ್ದಷ್ಟೇ ಇರುತ್ತದೆ. ವಾಲ್ಯೂಮ್ ಮುಟ್ಟುವ ಕೆಲಸವೇ ಇಲ್ಲ.

ಕಾರವಾರದಲ್ಲಿ ಅಕ್ಕನ ಮನೆಯಲ್ಲೂ ಇದನ್ನೆಲ್ಲ ಮಾಡಿ ನೋಡಿದೆ. ಅವಳದ್ದು ಫ್ಲಾಟು, ಕಡಲಿನ ಕಡೆಗೆ ದೊಡ್ಡ ಗಾಜಿನ ಕಿಟಕಿ. ಅಲ್ಲಿ ಕೆಲಸ ಮಾಡಿದ್ದು ಕಿಟಕಿಗೆ ಹಾಕಿದ ದಪ್ಪ ಪರದೆ, ಮಡಿಕೆ ಮಡಿಕೆಯಾಗಿ, ಕಿಟಕಿಯ ಎರಡು ಪಟ್ಟು ಅಗಲದ ಬಟ್ಟೆಯಲ್ಲಿ. ಕರಾವಳಿಯವರಿಗೆ ಇನ್ನೊಂದು ತೊಂದರೆ ಉಪ್ಪುಗಾಳಿ. ಚಾರ್ಜಿಂಗ್ ಪಿನ್ನು, ಮುಂದಿನ ಕಬ್ಬಿಣದ ಜಾಲರಿ ಬೇಗ ತುಕ್ಕು ಹಿಡಿಯುತ್ತವೆ. ಡಬ್ಬದ ಮೇಲೆ ಐಪಿ67 (ಧೂಳು, ನೀರು ತಡೆಯುವ ಗುರುತು) ಅಂತ ಬರೆದಿದ್ದರೂ ಆ ಪರೀಕ್ಷೆ ಸಿಹಿನೀರಿನಲ್ಲಿ ಮಾಡಿದ್ದು, ಉಪ್ಪುನೀರಿಗೆ ಅದು ಭರವಸೆ ಅಲ್ಲ. ಬಾಲ್ಕನಿಯಲ್ಲಿ ಇಟ್ಟು ಕೇಳಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒಮ್ಮೆ, ಒಣ ಬಟ್ಟೆಯಲ್ಲಿ ಒಮ್ಮೆ ಒರೆಸಿ, ಪಿನ್ನಿನ ಮುಚ್ಚಳ ಹಾಕಿ ಒಳಗೆ ತಂದಿಡಿ.