ಬೆಳಗಿನ ಜಾವ ಓಡಬೇಕೆಂದರೆ ಮೊದಲು ಹಾಲಿನ ಬೂತ್ ಹುಡುಕಿ

ಮೊದಲೇ ಹೇಳಿಬಿಡುತ್ತೇನೆ. ಕತ್ತಲಲ್ಲಿ ಓಡಲು ಹೊರಡುವ ಹೆಂಗಸರಿಗೆ ಯಾವ ಪೆಪ್ಪರ್ ಸ್ಪ್ರೇ ಒಳ್ಳೆಯದು, ಕೀಲಿ ಗೊಂಚಲನ್ನು ಬೆರಳ ಸಂದಿಯಲ್ಲಿ ಹೇಗೆ ಹಿಡಿಯಬೇಕು, ಇವೆಲ್ಲ ಇಲ್ಲಿ ಸಿಗುವುದಿಲ್ಲ. ಬೇಕಾದವರು ಇಟ್ಟುಕೊಳ್ಳಲಿ, ಬೇಡ ಅನ್ನುವುದಿಲ್ಲ. ಆದರೆ ಅದು ಒಬ್ಬಳ ಕೈಯಲ್ಲಿರುವ ವಸ್ತು. ಅವಳು ಮನೆ ಸೇರಿದ ಮೇಲೂ ರಸ್ತೆ ಹಾಗೇ ಇರುತ್ತದೆ. ಹಿಂದೆ ಬರುವ ಹುಡುಗಿಗೆ ಅದೇ ಕತ್ತಲು, ಅದೇ ಖಾಲಿ ಸೈಟು. ನಾಲ್ಕು ಜನ ಸೇರಿ ಆ ರಸ್ತೆಯನ್ನೇ ಸರಿಮಾಡಿಕೊಳ್ಳುವುದು ಹೇಗೆ ಅನ್ನುವುದಷ್ಟೇ ನಾನು ಹೇಳಬಲ್ಲೆ.

ನಾನು ಮೈಸೂರಿನ ಕುವೆಂಪುನಗರದಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡವಳು. ನಮ್ಮ ಗುಂಪಿನಲ್ಲಿ ಒಬ್ಬರು ಟೀಚರ್, ಒಬ್ಬರು ನರ್ಸ್, ಕಾಲೇಜಿಗೆ ಹೋಗುವ ಇಬ್ಬರು ಹುಡುಗಿಯರು, ರಿಟೈರ್ ಆದ ಒಬ್ಬರು ಮೇಡಂ. ಯಾರೂ ಅಥ್ಲೀಟ್‌ಗಳಲ್ಲ. ಮೆಡಲ್ ಗಿಡಲ್ ಆಸೆಯೂ ಇಲ್ಲ. ಬೆಳಿಗ್ಗೆ ಓಡಿದರೆ ದಿನವಿಡೀ ಸೊಂಟ ಹಿಡಿಯುವುದಿಲ್ಲ, ಅಷ್ಟೇ.

ಮೊದಲ ಕೆಲಸ ಓಡುವುದಲ್ಲ, ನಡೆಯುವುದು. ನೀವು ಓಡಬೇಕು ಅಂದುಕೊಂಡ ಹೊತ್ತಿಗೇ ಇಬ್ಬರೋ ಮೂವರೋ ಸುಮ್ನೆ ನಡೆದು ಬನ್ನಿ. ಆ ಹೊತ್ತಿನಲ್ಲಿ ಯಾರು ಎದ್ದಿರುತ್ತಾರೆ ಅಂತ ನೋಡಿ. ನಿಮಗೇ ಆಶ್ಚರ್ಯವಾಗುತ್ತದೆ. ಹಾಲಿನ ಬೂತ್ ತೆರೆದಿರುತ್ತದೆ. ಮುಚ್ಚಿದ ಅಂಗಡಿಯ ಜಗಲಿ ಮೇಲೆ ಪೇಪರ್ ಹುಡುಗರು ಪುರವಣಿ ಜೋಡಿಸುತ್ತಾ ಕೂತಿರುತ್ತಾರೆ. ಹೂವಿನ ಅಜ್ಜಿ ಮಾರು ಹಾಕುತ್ತಿರುತ್ತಾರೆ. ಅಪಾರ್ಟ್‌ಮೆಂಟ್ ಗೇಟಿನಲ್ಲಿ ಸೆಕ್ಯೂರಿಟಿ, ನರ್ಸಿಂಗ್ ಹೋಮ್ ಮುಂದೆ ಒಂದೆರಡು ಆಟೊ, ಟೀ ಅಂಗಡಿಯ ಸ್ಟೌ ಸದ್ದು. ಇವರನ್ನೆಲ್ಲ ಒಂದು ಹಾಳೆ ಮೇಲೆ ಗುರುತು ಹಾಕಿ. ನಿಮ್ಮ ದಾರಿ ಒಬ್ಬರಿಂದ ಇನ್ನೊಬ್ಬರಿಗೆ ಹೋಗಬೇಕು. ದಾರಿ ಒಟ್ಟು ಎಷ್ಟು ಕಿಲೋಮೀಟರ್ ಅನ್ನುವುದು ಆಮೇಲೆ. ಎರಡು ಗುರುತುಗಳ ನಡುವೆ ಯಾರೂ ಇಲ್ಲದ ತುಂಡು ಎಷ್ಟು ಉದ್ದ ಅನ್ನುವುದೇ ಮುಖ್ಯ. ಉದ್ದ ಜಾಸ್ತಿಯಾದರೆ ಆ ರಸ್ತೆ ಬಿಡಿ, ಚಿಕ್ಕ ಸುತ್ತನ್ನೇ ಎರಡು ಸಲ ಓಡಿ. ರಿಂಗ್ ರೋಡ್ ಅಗಲವಾಗಿದೆ, ನೇರವಾಗಿದೆ ಅಂತ ಆಸೆ ಹುಟ್ಟಿಸುತ್ತದೆ. ಆದರೆ ಅಲ್ಲಿ ಕೂಗಿದರೆ ಕೇಳಿಸಿಕೊಳ್ಳುವವರು ಯಾರು?

ಗುರುತು ಹಾಕಿದ ಮೇಲೆ ಅವರನ್ನು ಮಾತನಾಡಿಸಬೇಕು. ಇದನ್ನೇ ಜನ ಬಿಟ್ಟುಬಿಡುತ್ತಾರೆ. ದೊಡ್ಡ ಭಾಷಣ ಬೇಡ. "ಅಣ್ಣ, ನಾವು ದಿನಾ ಈ ದಾರೀಲಿ ಓಡ್ತೀವಿ. ಏನಾದ್ರೂ ಆದ್ರೆ ನಿಮ್ಮ ಅಂಗಡಿ ಹತ್ರ ಬಂದು ನಿಂತ್ಕೋತೀವಿ, ಒಂದು ಫೋನ್ ಮಾಡಿ" ಅಂದರೆ ಸಾಕು. ನಮ್ಮ ಬೂತಿನ ಅಣ್ಣ ಷಟರ್‌ನ ಪಕ್ಕ, ಹಾಲಿನ ಕ್ರೇಟ್‌ಗಳ ಮೇಲ್ಗಡೆ, ಒಂದು ರಟ್ಟಿನ ತುಂಡು ಅಂಟಿಸಿಕೊಂಡಿದ್ದಾರೆ. ಮೇಲೆ ತುರ್ತು ಸಹಾಯದ 112, ಅದರ ಕೆಳಗೆ ನಮ್ಮ ಕಡೆ ಗಸ್ತು ತಿರುಗುವ ಬೀಟ್ ಪೊಲೀಸರ ನಂಬರು, ಅದರ ಕೆಳಗೆ ನಮ್ಮಲ್ಲಿ ಇಬ್ಬರದು. ಹಾಲಿನ ತೇವಕ್ಕೆ ಅಕ್ಷರ ಹರಡುತ್ತದೆ, ಆಗಾಗ ಮತ್ತೆ ಬರೆದುಕೊಡುತ್ತೇವೆ. ವಾಪಸ್ ಬರುವಾಗ ಹಾಲು ಅವರ ಹತ್ತಿರವೇ ತಗೊಳ್ಳಿ. ವ್ಯವಹಾರ ಇದ್ದಲ್ಲಿ ಪರಿಚಯ ಉಳಿಯುತ್ತದೆ.

ಇನ್ನು ರಸ್ತೆಯ ತಪಾಸಣೆ. ಹೆಂಗಸರೇ ಗುಂಪಾಗಿ ನಡೆದು, ಎಲ್ಲಿ ಭಯ, ಯಾಕೆ ಭಯ ಅಂತ ಬರೆದುಕೊಂಡು ಆಡಳಿತದ ಮುಂದಿಡುವ ಪದ್ಧತಿಯನ್ನು 1989ರಲ್ಲಿ ಟೊರಾಂಟೊದ ಮೆಟ್ರಾಕ್ ಸಂಸ್ಥೆ ರೂಪಿಸಿತು. ನಮ್ಮ ದೇಶದಲ್ಲಿ ದೆಹಲಿಯ ಜಾಗೋರಿಯವರು ಮಾಡಿದರು. 2013ರಲ್ಲಿ ಸೇಫ್ಟಿಪಿನ್ ಅನ್ನುವ ಆ್ಯಪ್ ಬಂತು. ಅದರಲ್ಲಿ ಬೆಳಕು, ಕಾಲುದಾರಿ, ಸುತ್ತಮುತ್ತ ಜನ ಇದ್ದಾರಾ, ಅದರಲ್ಲಿ ಹೆಂಗಸರು ಎಷ್ಟು, ಹೀಗೆ ಒಂದೊಂದಕ್ಕೂ ಅಂಕ ಕೊಡಬಹುದು. ಆ್ಯಪ್ ಇಲ್ಲದಿದ್ದರೂ ನಡೆಯುತ್ತದೆ, ನೋಟ್‌ಬುಕ್ ಸಾಕು. ನಾವು ಬೆಳಕನ್ನು ಅಳೆಯುವುದು ಹೀಗೆ: ಎದುರಿಗೆ ಬರುತ್ತಿರುವವರ ಮುಖ ಹತ್ತು ಹೆಜ್ಜೆ ದೂರದಲ್ಲಿ ಗುರುತು ಸಿಗುತ್ತಾ? ಸಿಗದಿದ್ದರೆ ಅಲ್ಲಿ ಲೈಟು ಇದ್ದೂ ಇಲ್ಲದ ಲೆಕ್ಕ.

ಲೈಟಿನ ತೊಂದರೆಯಲ್ಲಿ ಮೂರು ಜಾತಿ. ಬಲ್ಬೇ ಹೋಗಿರುವುದು ಒಂದು. ಲೈಟು ಉರಿಯುತ್ತಿದ್ದರೂ ಹೊಂಗೆ ಮರದ ಕೊಂಬೆ ಅಡ್ಡ ಬಂದು ಬೆಳಕೆಲ್ಲ ಎಲೆಯ ಮೇಲೆ ಬೀಳುವುದು ಇನ್ನೊಂದು. ಮೂರನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ, ಅದು ಟೈಮರ್. ಬೀದಿದೀಪ ಆರುವ ಹೊತ್ತನ್ನು ಬೇಸಿಗೆಯ ಲೆಕ್ಕಕ್ಕೆ ಇಟ್ಟು ಹಾಗೇ ಬಿಟ್ಟಿರುತ್ತಾರೆ. ಮೈಸೂರಿನಲ್ಲಿ ಜೂನ್ ತಿಂಗಳಲ್ಲಿ 6 ಗಂಟೆಗೆ ಸ್ವಲ್ಪ ಮೊದಲೇ ಸೂರ್ಯ ಹುಟ್ಟುತ್ತಾನೆ. ಜನವರಿಯಲ್ಲಿ 6.45 ದಾಟುತ್ತದೆ. 6ಕ್ಕೇ ದೀಪ ಆರಿದರೆ ಚಳಿಗಾಲದಲ್ಲಿ ಸುಮಾರು ಅರ್ಧ ಗಂಟೆ ಕತ್ತಲು. ನಮ್ಮ ಓಟದ ಹೊತ್ತೂ ಅದೇ, ಕಸದ ಗಾಡಿಯ ಪೌರಕಾರ್ಮಿಕ ಹೆಂಗಸರು ಕೆಲಸಕ್ಕೆ ಬರುವ ಹೊತ್ತೂ ಅದೇ. ಇದಕ್ಕೆ ಹೊಸ ಕಂಬ ಬೇಡ, ದುಡ್ಡೂ ಬೇಡ. ಟೈಮರ್ ತಿರುಗಿಸಿದರೆ ಆಯಿತು. ಆದರೆ ಕೇಳುವವರು ಬೇಕು.

ಅರ್ಜಿ ಬರೆಯುವಾಗ "ನಮ್ಮ ಬಡಾವಣೆಯಲ್ಲಿ ಬೀದಿದೀಪಗಳು ಸರಿಯಿಲ್ಲ, ಕ್ರಮ ಕೈಗೊಳ್ಳಿ" ಅಂತ ಬರೆದರೆ ಫೈಲಿನಲ್ಲೇ ಮಲಗುತ್ತದೆ. ಹೀಗೆ ಬರೆಯಿರಿ: "ಇಷ್ಟನೇ ಕ್ರಾಸ್, ಉದ್ಯಾನದ ಹಿಂದಿನ ಗೇಟಿನ ಎದುರಿನ ಕಂಬ, ಕಂಬದ ಸಂಖ್ಯೆ ಇಷ್ಟು. ದೀಪ ಉರಿಯುತ್ತದೆ, ಆದರೆ ಬೆಳಿಗ್ಗೆ 6ಕ್ಕೆ ಆರುತ್ತದೆ. ಅಕ್ಟೋಬರ್‌ನಿಂದ ಫೆಬ್ರವರಿ ಕೊನೆಯವರೆಗೆ 6.45ರವರೆಗೆ ಉರಿಯುವಂತೆ ಮಾಡಿಕೊಡಬೇಕು." ಒಂದು ಅರ್ಜಿಗೆ ಒಂದೇ ಕೆಲಸ. ಜೊತೆಗೆ ಫೋಟೊ. ಸಹಿ ಹಾಕುವವರಲ್ಲಿ ಓಡುವವರು ಮಾತ್ರ ಬೇಡ, ಪೇಪರ್ ಹಂಚುವವರು, ಹೂವಿನ ಅಜ್ಜಿ, ವಾಕಿಂಗ್ ಹೋಗುವ ಹಿರಿಯರು ಎಲ್ಲರೂ ಇರಲಿ. ಪಾಲಿಕೆಯ ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಸೀಲಿಲ್ಲದ ಅರ್ಜಿ ಕೊಟ್ಟೂ ಕೊಡದ ಹಾಗೆ. ಕೆಲಸ ಆಗದಿದ್ದರೆ ರಾಜ್ಯದ ಜನಸ್ಪಂದನ ಸಹಾಯವಾಣಿ 1902ಕ್ಕೆ ದೂರು ಕೊಟ್ಟು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಅದಕ್ಕೂ ಬಗ್ಗದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ: ಈ ರಸ್ತೆಯ ದೀಪ ನಿರ್ವಹಣೆ ಗುತ್ತಿಗೆ ಯಾರಿಗೆ, ಕೆಟ್ಟ ದೀಪವನ್ನು ಎಷ್ಟು ದಿನದಲ್ಲಿ ಸರಿಮಾಡಬೇಕು ಅಂತ ಕರಾರು ಇದೆ? 30 ದಿನದಲ್ಲಿ ಉತ್ತರ ಕೊಡಲೇಬೇಕು. ಎಷ್ಟೋ ಸಲ ಉತ್ತರಕ್ಕಿಂತ ಮೊದಲು ದೀಪವೇ ಬರುತ್ತದೆ!

ಖಾಸಗಿ ಬಡಾವಣೆಯಾಗಿದ್ದು ಇನ್ನೂ ಪಾಲಿಕೆಗೆ ಹಸ್ತಾಂತರ ಆಗಿಲ್ಲ ಅಂದರೆ ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಅಲೆಸುತ್ತಾರೆ. ಮೊದಲು ಅದನ್ನೇ ಖಚಿತ ಮಾಡಿಕೊಳ್ಳಿ.

ಒಂದು ಎಚ್ಚರಿಕೆ. ದೂರು ಕೊಟ್ಟಾಗ ಎಲ್ಲಕ್ಕಿಂತ ಬೇಗ ಸಿಗುವ ಪರಿಹಾರವೆಂದರೆ "ಹಾಗಾದರೆ ನೀವು ಆ ಕಡೆ ಬರಬೇಡಿ." 2021ರ ಆಗಸ್ಟ್‌ನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ವಿದ್ಯಾರ್ಥಿನಿಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆದಾಗ ನೆನಪಿದೆಯಲ್ವಾ? ಸಂಜೆ 6.30ರ ನಂತರ ವಿದ್ಯಾರ್ಥಿನಿಯರು ಮಾನಸಗಂಗೋತ್ರಿ ಕ್ಯಾಂಪಸ್ಸಿನಲ್ಲಿ ಒಬ್ಬರೇ ಓಡಾಡಬಾರದು, ಕುಕ್ಕರಹಳ್ಳಿ ಕೆರೆ ಕಡೆ ಹೋಗಬಾರದು ಅಂತ ಮೈಸೂರು ವಿಶ್ವವಿದ್ಯಾಲಯ ಸುತ್ತೋಲೆ ಹೊರಡಿಸಿತು. ಎಲ್ಲ ಕಡೆಯಿಂದ ಟೀಕೆ ಬಂದ ಮೇಲೆ ವಾಪಸ್ ಪಡೆಯಿತು. ಹೆಂಗಸರು ಕಡಿಮೆಯಾದಷ್ಟೂ ಉಳಿದ ಒಬ್ಬಳಿಗೆ ಅಪಾಯ ಜಾಸ್ತಿ. ಅದಕ್ಕೇ ಅರ್ಜಿಯಲ್ಲಿ "ಭದ್ರತೆ ಕೊಡಿ" ಅಂತ ಮೊಗಮ್ಮಾಗಿ ಬರೆಯಬೇಡಿ. ಪಾರ್ಕಿನ ಗೇಟು ಬೇಗ ತೆರೆಯಿರಿ, ದೀಪ ಹಾಕಿ, ಖಾಲಿ ಸೈಟಿನ ಪಾರ್ಥೇನಿಯಂ ತೆಗೆಸಿ ಅಂತ ಬಿಡಿಬಿಡಿಯಾಗಿ ಬರೆಯಿರಿ. ಇಲ್ಲದಿದ್ದರೆ ಗೇಟಿಗೆ ಬೀಗ ಹಾಕಿ ಭದ್ರತೆ ಕೊಟ್ಟೆವು ಅನ್ನುತ್ತಾರೆ.

ಪೊಲೀಸರ ವಿಷಯ. ಪ್ರತಿ ಠಾಣೆಯ ಸರಹದ್ದನ್ನು ಬೀಟ್‌ಗಳಾಗಿ ಹಂಚಿರುತ್ತಾರೆ, ಪ್ರತಿ ಬೀಟ್‌ಗೂ ಸಿಬ್ಬಂದಿ ಇರುತ್ತಾರೆ. ಠಾಣೆಗೆ ಹೋಗಿ ನಿಮ್ಮ ದಾರಿಯ ನಕ್ಷೆ, ಓಡುವ ಹೊತ್ತು ಕೊಟ್ಟು, ರಾತ್ರಿ ಪಾಳಿಯವರ ಕೊನೆಯ ಸುತ್ತು ಆ ಹೊತ್ತಿಗೆ ಆ ಕಡೆ ಬರಲಿ ಅಂತ ಕೇಳಿ. ಏನೂ ಆಗದಿದ್ದಾಗಲೇ ಹೋಗಿ ಮುಖ ಪರಿಚಯ ಮಾಡಿಕೊಂಡಿದ್ದರೆ, ಆದಾಗ ಮಾತು ಸುಲಭ.

ಕಾನೂನು ಇಷ್ಟು ಗೊತ್ತಿರಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಶ್ಲೀಲ ಮಾತಿನಂಥ ಲೈಂಗಿಕ ಕಿರುಕುಳಕ್ಕೆ 75ನೇ ಕಲಂ, ಬೇಡವೆಂದರೂ ಮತ್ತೆ ಮತ್ತೆ ಹಿಂಬಾಲಿಸುವುದಕ್ಕೆ 78, ಅವಮಾನ ಮಾಡುವ ಮಾತು, ಸನ್ನೆಗೆ 79. ಈ ದೂರುಗಳನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. "ಇದು ನಮ್ಮ ಠಾಣೆ ವ್ಯಾಪ್ತಿ ಅಲ್ಲ" ಅನ್ನುವ ಹಾಗಿಲ್ಲ, ಯಾವ ಠಾಣೆಯಲ್ಲಾದರೂ ಕೊಡಬಹುದು. ಬೈಕಿನವನಾದರೆ ಮುಖಕ್ಕಿಂತ ನಂಬರ್ ಪ್ಲೇಟಿನ ಕೊನೆಯ ನಾಲ್ಕು ಅಂಕಿ ನೋಡಿ, ಜೋರಾಗಿ ಹೇಳಿಕೊಳ್ಳಿ. ಗುಂಪಿನಲ್ಲಿ ಒಬ್ಬರಿಗಾದರೂ ನೆನಪಿರುತ್ತದೆ.

ಗುಂಪಿನ ನಿಯಮ ನಮ್ಮಲ್ಲಿ ಒಂದೇ: ಎಲ್ಲರಿಗಿಂತ ಹಿಂದೆ ಓಡುವವರ ಜೊತೆ ಒಬ್ಬರು ಇರಬೇಕು. ಗುಂಪಾಗಿ ಹೊರಟು, ಜೋರಾಗಿ ಓಡುವವರೆಲ್ಲ ಮುಂದೆ ಹೋಗಿ, ಹೊಸಬಳನ್ನು ಕತ್ತಲಲ್ಲಿ ಒಬ್ಬಳೇ ಬಿಟ್ಟರೆ ಅದೆಂಥ ಗುಂಪು? ವಾಟ್ಸ್ಆ್ಯಪ್‌ನಲ್ಲಿ ಲೈವ್ ಲೊಕೇಶನ್ 1 ಗಂಟೆಗೆ ಇಟ್ಟು ಮನೆಯಲ್ಲಿ ಒಬ್ಬರಿಗೆ ಕಳಿಸಿ. ಓಟ ದಾಖಲಿಸುವ ಆ್ಯಪ್ ಇದ್ದರೆ ಮನೆ ಹತ್ತಿರದ ಭಾಗ ಬೇರೆಯವರಿಗೆ ಕಾಣದಂತೆ ಮುಚ್ಚಿಡಿ.

ಇನ್ನು ನನ್ನ ಕಸುಬಿನ ಮಾತು. ಬೆಳಕು ಹೊಡೆದರೆ ಮಿನುಗುವ ರಿಫ್ಲೆಕ್ಟರ್ ಟೇಪ್ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಅಂಟಿಸುವುದು ಬೇಡ, ಬಟ್ಟೆಯ ಹಿಂಬದಿ ಇರುವುದನ್ನು ತಗೊಂಡು ಹೊಲಿಸಿ. ಎಲ್ಲರೂ ಬೆನ್ನಿಗೆ ಹಾಕಿಸುತ್ತಾರೆ. ನಾನು ಮೊದಲು ಪ್ಯಾಂಟಿನ ಕಾಲಂಚಿಗೆ, ಆಮೇಲೆ ತೋಳಿನ ತುದಿಗೆ ಹಾಕುತ್ತೇನೆ. ಆಡುವ ಕೈಕಾಲಿನ ಮೇಲೆ ಪಟ್ಟಿ ಮಿನುಗಿದರೆ, ಇದು ಕಂಬ ಅಲ್ಲ, ಮನುಷ್ಯರು ಅಂತ ಡ್ರೈವರ್‌ಗೆ ಬೇಗ ಗೊತ್ತಾಗುತ್ತದೆ. ಚೂಡಿದಾರದ ಪ್ಯಾಂಟಿಗೂ ಇದು ನಡೆಯುತ್ತದೆ. ಸೊಂಟದ ಪಟ್ಟಿಯ ಒಳಗೆ ಫೋನಿಗೆ ಬಿಗಿಯಾದ ಜೇಬು ಇಡಿಸಿ, ಓಡುವಾಗ ಕೈ ಖಾಲಿ ಇರಲಿ. ಫುಟ್‌ಪಾತ್ ಇಲ್ಲದ ಕಡೆ ರಸ್ತೆಯ ಬಲಗಡೆ, ಎದುರಿಗೆ ಗಾಡಿ ಕಾಣುವ ಹಾಗೆ ಓಡಿ.

ನಾಯಿ ಅಟ್ಟಿಸಿಕೊಂಡು ಬಂದರೆ ನಿಂತುಬಿಡಿ, ನಿಧಾನ ನಡೆಯಿರಿ. ಬೀದಿಯಲ್ಲಿ ಅವಕ್ಕೆ ಅನ್ನ ಹಾಕುವವರು ಇರುತ್ತಾರೆ. ಅವರನ್ನು ಪರಿಚಯ ಮಾಡಿಕೊಂಡರೆ ಯಾವ ನಾಯಿ ಹೇಗೆ ಅಂತ ಜಾತಕವನ್ನೇ ಹೇಳುತ್ತಾರೆ.

ಓಡುವ ಗಂಡಸರಿಗೂ ಎರಡು ಮಾತು. ಕತ್ತಲಲ್ಲಿ ಹೆಂಗಸರ ಹಿಂದೆ ಸದ್ದಿಲ್ಲದೆ ಬರಬೇಡಿ. ದೂರದಿಂದಲೇ "ಬಲಗಡೆ ಬರ್ತಿದೀನಿ" ಅನ್ನಿ, ಅಗಲವಾಗಿ ದಾಟಿ ಹೋಗಿ. ಕೇಳದೆ ಓಟ ಕಲಿಸಬೇಡಿ. ನಿಮ್ಮ ಗುಂಪಿನ ಹುಡುಗ ಯಾರಿಗಾದರೂ ಏನಾದರೂ ಅಂದರೆ ಅಲ್ಲೇ ಬೈಯಿರಿ. ನಾವು ಬೈದರೆ ನಗುತ್ತಾನೆ, ನೀವು ಬೈದರೆ ಕೇಳುತ್ತಾನೆ.

ಹೆಂಗಸರು ಬೆಳಗಿನ ಜಾವದ ಕತ್ತಲಲ್ಲೇ ಯಾಕೆ ಓಡಬೇಕು ಅಂತ ಕೇಳುತ್ತಾರೆ. ಏಳಕ್ಕೆ ಮಕ್ಕಳ ಡಬ್ಬಿ ಆಗಬೇಕಲ್ಲ, ಅದಕ್ಕೆ! ನಮ್ಮ ಟೀಚರ್ ಮನೆಯಲ್ಲಿ ವಾರದಲ್ಲಿ ಮೂರು ದಿನ ಡಬ್ಬಿ ಯಜಮಾನರದ್ದು ಅಂತ ಆಯಿತು. ಉಪ್ಪಿಟ್ಟು ಗಂಟುಗಂಟಾಗಿರುತ್ತದಂತೆ, ಇರಲಿ. ಆ ಮೂರು ದಿನ ನಾವು ಆರೂವರೆಗೆ ಹೊರಡುತ್ತೇವೆ, ದೀಪದ ಗೊಡವೆಯೇ ಇಲ್ಲ. ನಿಮ್ಮ ಗುಂಪಿನಲ್ಲೂ ಅರ್ಜಿ ಬರೆಯುವ ಮೊದಲು ಇದನ್ನು ಮನೆಯಲ್ಲಿ ಮಾತಾಡಿ ನೋಡಿ.

ಕೊನೆಗೆ, ಯಾರಿಗಾದರೂ ಏನಾದರೂ ಆದ ದಿನ. ಅವಳನ್ನು "ಯಾಕೆ ಅಲ್ಲಿಗೆ ಹೋದೆ, ಏನು ಹಾಕ್ಕೊಂಡಿದ್ದೆ" ಅಂತ ಕೇಳಬೇಡಿ. ಹೊತ್ತು, ಜಾಗ, ಗಾಡಿ ನಂಬರು ಅವತ್ತೇ ಬರೆದಿಟ್ಟುಕೊಳ್ಳಿ. ಠಾಣೆಗೆ ಹೋಗುವುದಾದರೆ ಇಬ್ಬರು ಜೊತೆ ಹೋಗಿ. ಹೋಗಬೇಕೋ ಬೇಡವೋ ಅನ್ನುವುದು ಅವಳ ತೀರ್ಮಾನ. ಬೂತಿನ ಅಣ್ಣನಿಗೂ, ಸೆಕ್ಯೂರಿಟಿಯವರಿಗೂ ಅವತ್ತೇ ವಿಷಯ ತಿಳಿಸಿ, ಅವಳ ಹೆಸರು ಮಾತ್ರ ಬೇಡ. ಮಾರನೇ ದಿನ ಆ ರಸ್ತೆ ಬಿಡಬೇಡಿ. ಅದೇ ಹೊತ್ತಿಗೆ, ಸಿಕ್ಕಷ್ಟು ಜನ ಸೇರಿಸಿಕೊಂಡು, ಅಲ್ಲೇ ಹೋಗಿ. ಓಡದವರೂ ಬರಲಿ, ನಡೆದರೂ ಸಾಕು. ಅವಳಿಗೆ ಬರಲು ಮನಸ್ಸಿಲ್ಲದಿದ್ದರೆ ಒತ್ತಾಯ ಬೇಡ, ಆದರೆ ಗುಂಪಿನಿಂದ ಅವಳ ನಂಬರು ತೆಗೆಯಬೇಡಿ.