383 ಎಂಜಿನ್ ಕಟ್ಟುವ ಮುನ್ನ ಹೊಸ ಕ್ರ್ಯಾಂಕ್‌ಶಾಫ್ಟನ್ನು ಪರೀಕ್ಷಿಸುವ ಕ್ರಮ

ಶೆವ್ರೊಲೆ 350 ಸ್ಮಾಲ್ ಬ್ಲಾಕ್ ವಿ8 ಎಂಜಿನ್ನಿನ ಬೋರ್ (ಸಿಲಿಂಡರಿನ ಒಳವ್ಯಾಸ) 4.000 ಇಂಚು, ಸ್ಟ್ರೋಕ್ (ಪಿಸ್ಟನ್ ಮೇಲಿಂದ ಕೆಳಗೆ ಚಲಿಸುವ ದೂರ) 3.480 ಇಂಚು. ಬೋರನ್ನು 30 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ, 0.0254 ಮಿ.ಮೀ.) ಹೆಚ್ಚಿಸಿ 3.750 ಇಂಚು ಸ್ಟ್ರೋಕಿನ ಕ್ರ್ಯಾಂಕ್ ಕೂರಿಸಿದರೆ ಅದೇ ಬ್ಲಾಕ್ 383 ಘನ ಇಂಚಿನದಾಗುತ್ತದೆ, ಸುಮಾರು 6.3 ಲೀಟರ್. ಈ ಸ್ಟ್ರೋಕ್ ಮೂಲತಃ 400 ಎಂಜಿನ್ನಿನದು. ಆದರೆ ಆ ಎಂಜಿನ್ನಿನ ಕ್ರ್ಯಾಂಕಿನ ಮೇನ್ ಜರ್ನಲ್ (ಬ್ಲಾಕಿನ ಬೇರಿಂಗಿನಲ್ಲಿ ತಿರುಗುವ ದುಂಡು ಭಾಗ) 2.650 ಇಂಚು ದಪ್ಪ, 350 ಬ್ಲಾಕಿಗೆ ಹಿಡಿಸದು. ಆದ್ದರಿಂದ ಹೆಚ್ಚಿನವರು 350ರ ಜರ್ನಲ್ ಅಳತೆಗೇ ಮಾಡಿದ ಹೊರಗಿನ ಕಂಪನಿಯ ಕ್ರ್ಯಾಂಕ್ ಕೊಳ್ಳುತ್ತಾರೆ. ಪೆಟ್ಟಿಗೆಯ ಮೇಲಿನ ಚೀಟಿಯನ್ನು ನಂಬಿ ಅದನ್ನು ನೇರವಾಗಿ ಬ್ಯಾಲೆನ್ಸಿಂಗಿಗೆ (ಡ್ರಿಲ್ ಹಾಕಿ ತೂಕ ಸಮಗೊಳಿಸುವ ಕೆಲಸಕ್ಕೆ) ಕಳಿಸಬೇಡಿ. ಒಮ್ಮೆ ಡ್ರಿಲ್ ಬಿದ್ದ ಕ್ರ್ಯಾಂಕನ್ನು ಯಾವ ಅಂಗಡಿಯೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಮೊದಲು ಹಿಂಭಾಗ ನೋಡಿ. 1986ರಿಂದ ಸ್ಮಾಲ್ ಬ್ಲಾಕಿಗೆ ಇಡೀ ಉಂಗುರದ ರಿಯರ್ ಸೀಲ್ (ಹಿಂಭಾಗದಿಂದ ಎಣ್ಣೆ ಸೋರದಂತೆ ತಡೆಯುವ ಸೀಲ್) ಬಂತು. ಅದಕ್ಕೂ ಮುಂಚಿನದು ಎರಡು ತುಂಡಿನದು. ಫ್ಲೈವೀಲ್ ಬೋಲ್ಟ್‌ಗಳ ವೃತ್ತವೂ ಬೇರೆ: ಹಳೆಯದಕ್ಕೆ 3.58 ಇಂಚು, ಹೊಸದಕ್ಕೆ 3.00 ಇಂಚು. ಇದು ಬ್ಲಾಕಿಗೆ ಹೊಂದದಿದ್ದರೆ ಉಳಿದ ಅಳತೆಗಳೆಲ್ಲ ವ್ಯರ್ಥ. ಇಂಟರ್ನಲ್ ಬ್ಯಾಲೆನ್ಸೋ (ಸಮತೋಲನದ ತೂಕವೆಲ್ಲ ಕ್ರ್ಯಾಂಕಿನಲ್ಲೇ) ಎಕ್ಸ್‌ಟರ್ನಲ್ಲೋ (ಸ್ವಲ್ಪ ತೂಕ ಹೊರಗಿನ ಡ್ಯಾಂಪರ್, ಫ್ಲೈವೀಲ್‌ನಲ್ಲಿ) ಎಂಬುದನ್ನೂ ಈಗಲೇ ಖಚಿತಪಡಿಸಿಕೊಳ್ಳಿ. ಡ್ಯಾಂಪರ್, ಫ್ಲೈವೀಲ್ ಎರಡರ ಆಯ್ಕೆಯೂ ಅದರ ಮೇಲೆ ನಿಂತಿದೆ.

ರಕ್ಷಣೆಗೆ ಹಚ್ಚಿದ ಎಣ್ಣೆಯನ್ನು ತೊಳೆದು, ಕ್ರ್ಯಾಂಕನ್ನೂ ಮೈಕ್ರೋಮೀಟರನ್ನೂ ಒಂದೇ ಕೋಣೆಯಲ್ಲಿ ಒಂದು ರಾತ್ರಿ ಇಡಿ. ಮೇನ್ ಜರ್ನಲ್ಲಿನಷ್ಟು ದಪ್ಪದ ಉಕ್ಕು 10 ಡಿಗ್ರಿ ಸೆಲ್ಸಿಯಸ್ ಏರಿದರೆ ಕಾಲು ಥೌಗಿಂತ ತುಸು ಹೆಚ್ಚೇ ಹಿಗ್ಗುತ್ತದೆ. ನಾವು ಹುಡುಕುತ್ತಿರುವ ದೋಷವೇ ಅರ್ಧ ಥೌನದು.

ಮೇನ್ ಜರ್ನಲ್‌ಗಳು ಸುಮಾರು 2.448 ಇಂಚು, ರಾಡ್ ಜರ್ನಲ್‌ಗಳು (ಪಿಸ್ಟನ್ನಿನ ರಾಡ್ ಕೂರುವ ಭಾಗಗಳು) 2.100 ಇಂಚು ಇರಬೇಕು. ರೇಸಿಂಗಿಗೆಂದು 2.000 ಇಂಚಿನ ರಾಡ್ ಜರ್ನಲ್ ಇರುವ ಕ್ರ್ಯಾಂಕ್‌ಗಳೂ ಬರುತ್ತವೆ, ರಾಡ್ ಕೊಳ್ಳುವ ಮುಂಚೆ ಗಮನಿಸಿ. ಪ್ರತಿ ಜರ್ನಲ್ಲನ್ನು ಎರಡು ಅಂಚಿನ ಬಳಿ ಮತ್ತು ನಡುವೆ, ಒಂದಕ್ಕೊಂದು 90 ಡಿಗ್ರಿಯ ಎರಡು ದಿಕ್ಕಿನಲ್ಲಿ ಅಳೆದು ಬರೆದಿಡಿ. ಉದ್ದಕ್ಕೆ ಇಳಿಜಾರಾಗಲಿ, ದುಂಡಗಿನ ದೋಷವಾಗಲಿ ಅರ್ಧ ಥೌ ಮೀರಿದರೆ ಹಿಂದಿರುಗಿಸಿ. ಬೇರಿಂಗ್ ಸಂದನ್ನು 2ರಿಂದ 3 ಥೌ ಒಳಗೆ ಇಡಬೇಕಾದ ಕೆಲಸದಲ್ಲಿ ಅರ್ಧ ಥೌ ಸಣ್ಣದಲ್ಲ.

ನೇರ ಇದೆಯೇ ಎಂದು ನೋಡಲು 1 ಮತ್ತು 5ನೇ ಮೇನನ್ನು ವಿ-ಬ್ಲಾಕಿನ ಮೇಲಿಟ್ಟು, 3ನೇ ಮೇನಿನ ಮೇಲೆ ಡಯಲ್ ಗೇಜ್ ಕೂರಿಸಿ ನಿಧಾನವಾಗಿ ತಿರುಗಿಸಿ. ಮುಳ್ಳು ಒಟ್ಟು 1 ಥೌಗಿಂತ ಹೆಚ್ಚು ಆಡಬಾರದು. ಹಾಗೆಯೇ ಇದ್ದಲ್ಲಿ ಹೈಟ್ ಗೇಜಿನಿಂದ ಸ್ಟ್ರೋಕನ್ನೂ ಅಳೆಯಿರಿ: ರಾಡ್ ಜರ್ನಲ್ ತುತ್ತತುದಿಯಲ್ಲಿದ್ದಾಗಿನ ಎತ್ತರದಿಂದ ಕೆಳತುದಿಯ ಎತ್ತರವನ್ನು ಕಳೆದರೆ ಸಿಗುವುದೇ ಸ್ಟ್ರೋಕ್. ನಾಲ್ಕೂ ರಾಡ್ ಜರ್ನಲ್‌ಗಳನ್ನು ಅಳೆಯಬೇಕು. ಒಂದರಲ್ಲಿ 4 ಥೌ ಹೆಚ್ಚಿದ್ದರೆ ಅದರ ಪಿಸ್ಟನ್‌ಗಳು 2 ಥೌ ಮೇಲೆ ಬರುತ್ತವೆ, ಕಂಪ್ರೆಷನ್ ಸಿಲಿಂಡರಿನಿಂದ ಸಿಲಿಂಡರಿಗೆ ಬೇರೆಯಾಗುತ್ತದೆ.

ಅತಿ ಹೆಚ್ಚು ಜನ ಎಡವುವುದು ಫಿಲೆಟ್‌ನಲ್ಲಿ, ಅಂದರೆ ಜರ್ನಲ್ ಪಕ್ಕದ ಗೋಡೆಗೆ ಸೇರುವ ದುಂಡು ಮೂಲೆಯಲ್ಲಿ. ಬಲಕ್ಕೆಂದು ಫೋರ್ಜ್ಡ್ ಕ್ರ್ಯಾಂಕ್‌ಗಳಲ್ಲಿ ಈ ಮೂಲೆ ದೊಡ್ಡದಾಗಿರುತ್ತದೆ. ಸಾಮಾನ್ಯ ರಾಡ್ ಬೇರಿಂಗಿನ ಅಂಚು ಅದರ ಮೇಲೆ ಹತ್ತಿ ಕೂರುತ್ತದೆ. ಪ್ಲಾಸ್ಟಿಗೇಜಿನಲ್ಲಿ (ಬೇರಿಂಗ್ ಸಂದು ಅಳೆಯಲು ಇಟ್ಟು ಒತ್ತುವ ಪ್ಲಾಸ್ಟಿಕ್ ಎಳೆ) ಇದು ಕಾಣುವುದಿಲ್ಲ, ಎಂಜಿನ್ ಓಡಿದ ಮೇಲೆ ಬೇರಿಂಗಿನ ಒಂದು ಅಂಚು ಮಾತ್ರ ಸವೆದು ಸುಟ್ಟಿರುತ್ತದೆ. ಬೇರಿಂಗ್ ಅಂಚಿಗೆ ಮಾರ್ಕರ್ ಹಚ್ಚಿ, ರಾಡ್ ಜೋಡಿಸಿ, ಕೆಲವು ಸುತ್ತು ತಿರುಗಿಸಿ ಬಿಚ್ಚಿ. ಬಣ್ಣ ಒರೆಸಿಹೋಗಿದ್ದರೆ ಅಗಲ ಕಡಿಮೆ ಇರುವ, ಅಂಚು ಕೆತ್ತಿದ ಬೇರಿಂಗ್ ಬೇಕು. ರಾಡಿನ ಕೆತ್ತಿದ ಮಗ್ಗುಲು ಫಿಲೆಟ್ ಕಡೆಗೇ ಇರಲಿ, ಪಕ್ಕದ ರಾಡಿನ ಕಡೆಗಲ್ಲ.

ಎಣ್ಣೆ ರಂಧ್ರಗಳಿಗೆ ಉದ್ದ ಬ್ರಷ್ ಹಾಕಿ ಸೋಪು ನೀರಿನಿಂದ ತೊಳೆಯಿರಿ. ಹೊಸ ಕ್ರ್ಯಾಂಕಿನೊಳಗೂ ಲೋಹದ ಚೂರು ಇರುತ್ತದೆ. ರಂಧ್ರದ ಬಾಯಿ ಚೂಪಾಗಿದ್ದರೆ ಬೇರಿಂಗನ್ನು ಕೆರೆಯುತ್ತದೆ. ತಾಮ್ರದ ನಾಣ್ಯದ ಅಂಚನ್ನು ಜರ್ನಲ್ ಮೇಲೆ ಎಳೆದಾಗ ತಾಮ್ರದ ಗೆರೆ ಉಳಿದರೆ ಪಾಲಿಶ್ ಸಾಲದು. 5ನೇ ಮೇನಿನ ಥ್ರಸ್ಟ್ ಮುಖವೂ (ಕ್ರ್ಯಾಂಕ್ ಹಿಂದೆ ಮುಂದೆ ಸರಿಯುವುದನ್ನು ತಡೆಯುವ ಪಕ್ಕದ ಮುಖ) ಅಷ್ಟೇ ನಯವಿರಬೇಕು. ಬ್ಲಾಕಿನಲ್ಲಿ ಕೂರಿಸಿದಾಗ ಹಿಂದೆ ಮುಂದೆ ಆಟ 4ರಿಂದ 8 ಥೌ ಇರಲಿ.

ಬಿರುಕಿಗೆ ಮ್ಯಾಗ್ನಾಫ್ಲಕ್ಸ್ (ಕಾಂತೀಯಗೊಳಿಸಿ ಬಿರುಕು ಹುಡುಕುವ ಪರೀಕ್ಷೆ) ಮಾಡಿಸಿ, ಆಮೇಲೆ ಕಾಂತತ್ವ ತೆಗೆಸಲು ಮರೆಯಬೇಡಿ. ಇಲ್ಲದಿದ್ದರೆ ಎಣ್ಣೆಯಲ್ಲಿನ ಕಬ್ಬಿಣದ ಪುಡಿಯನ್ನೆಲ್ಲ ಅದು ಹಿಡಿದುಕೊಳ್ಳುತ್ತದೆ.

ಇಷ್ಟಾದ ಮೇಲೆ ಬ್ಲಾಕಿನಲ್ಲಿ ತಾತ್ಕಾಲಿಕವಾಗಿ ಜೋಡಿಸಿ ಎರಡು ಪೂರ್ತಿ ಸುತ್ತು ತಿರುಗಿಸಿ. ಕ್ಯಾಮ್ ಒಂದು ಸುತ್ತು ಮುಗಿಸುವುದು ಆಗಲೇ. ರಾಡ್ ಬೋಲ್ಟಿಗೂ ಕ್ಯಾಮ್ ಲೋಬಿಗೂ, ರಾಡಿಗೂ ಬ್ಲಾಕಿನ ಪ್ಯಾನ್ ರೈಲಿಗೂ (ಎಣ್ಣೆ ತೊಟ್ಟಿ ಕೂರುವ ಕೆಳ ಅಂಚು) ನಡುವೆ ಕನಿಷ್ಠ 60 ಥೌ ಜಾಗ ಇರಲಿ. ಸಾಲದಿದ್ದರೆ ಬ್ಲಾಕನ್ನು ಗ್ರೈಂಡ್ ಮಾಡಿ; ಕ್ಯಾಮಿಗೆ ತಾಗುತ್ತಿದ್ದರೆ ಸ್ಟ್ರೋಕರ್‌ಗೆಂದೇ (ಹೀಗೆ ಸ್ಟ್ರೋಕ್ ಹೆಚ್ಚಿಸಿದ ಎಂಜಿನ್ನಿಗೆಂದೇ) ಮಾಡಿದ ರಾಡ್ ತರುವುದು ಒಳ್ಳೆಯದು. ರಾಡ್ ಬದಲಾದರೆ ಬಾಬ್‌ವೆಯ್ಟ್ (ಬ್ಯಾಲೆನ್ಸಿಂಗಿನಲ್ಲಿ ರಾಡ್, ಪಿಸ್ಟನ್‌ಗಳ ಬದಲು ಜರ್ನಲ್ಲಿಗೆ ಕಟ್ಟುವ ತೂಕ) ಲೆಕ್ಕವೂ ಬದಲಾಗುತ್ತದೆ, ಹಾಗಾಗಿ ಬ್ಯಾಲೆನ್ಸಿಂಗ್ ಇದರ ನಂತರವೇ.