ಬೆಳ್ಳಿ ರೂಪಾಯಿಯ ಬಣ್ಣ ನೋಡಿ ಕೊಳ್ಳುವುದು ಹೇಗೆ?

ಹಳೇ ಬೆಳ್ಳಿ ರೂಪಾಯಿ ಕೈಗೆ ಬಂತಾ? ಮೊದಲು ಏನೂ ಮಾಡದೆ ಸುಮ್ನೆ ಇರಿ. ಹುಣಸೆಹಣ್ಣು ಬೇಡ, ವಿಭೂತಿ ಬೇಡ, ಟೂತ್‌ಪೇಸ್ಟ್ ಅಂತೂ ಬೇಡವೇ ಬೇಡ. ವರಮಹಾಲಕ್ಷ್ಮಿ ಹಬ್ಬಕ್ಕೆ ದೇವರ ಮನೆಯ ನಾಣ್ಯಗಳನ್ನು ಪಳಪಳ ತಿಕ್ಕಿ ಇಡುತ್ತೇವೆ, ಪೂಜೆಗೆ ಅದು ಸರಿ. ಸಂಗ್ರಹಕ್ಕೆ ಮಾತ್ರ ತಿಕ್ಕಿದ ನಾಣ್ಯದ ಬೆಲೆ ಬಿತ್ತು ಅಂತಲೇ ಲೆಕ್ಕ. ಹೀಗೆ ತಿಕ್ಕಿ ತಿಕ್ಕಿಯೇ ನೀಲಿ, ನೇರಳೆ, ಹೊಂಬಣ್ಣ ತಾನಾಗಿ ಮೂಡಿದ ಬ್ರಿಟಿಷ್ ಕಾಲದ ರೂಪಾಯಿ ನಮ್ಮ ಕಡೆ ಅಪರೂಪ ಆಗಿದೆ. ಅಪರೂಪ ಆದ್ದರಿಂದ ಬೆಲೆ ಜಾಸ್ತಿ, ಬೆಲೆ ಜಾಸ್ತಿ ಆದ್ದರಿಂದ ಬಣ್ಣ ಬರಿಸಿ ಮಾರುವವರೂ ಇದ್ದಾರೆ.

ಈ ಬಣ್ಣಕ್ಕೆ ಸಂಗ್ರಾಹಕರು ಟೋನಿಂಗ್ ಅನ್ನುತ್ತಾರೆ. ಗಾಳಿಯಲ್ಲಿ, ಹಳೇ ಕಾಗದದಲ್ಲಿ, ರಟ್ಟಿನಲ್ಲಿ ಸ್ವಲ್ಪ ಗಂಧಕ ಇರುತ್ತದೆ. ಅದು ಬೆಳ್ಳಿಯ ಜೊತೆ ಸೇರಿ ಮೇಲೆ ತೀರಾ ತೆಳುವಾದ ಸಲ್ಫೈಡ್ ಪದರ ಕಟ್ಟುತ್ತದೆ. ಮಳೆ ನಿಂತ ರಸ್ತೆಯಲ್ಲಿ ಪೆಟ್ರೋಲ್ ಚೆಲ್ಲಿದಾಗ ಬಣ್ಣ ಕಾಣುವುದಿಲ್ಲವೇ, ಅದೇ ಲೆಕ್ಕ. ಪದರದ ದಪ್ಪ ಬದಲಾದ ಹಾಗೆ ಬಣ್ಣ ಬದಲಾಗುತ್ತದೆ, ಅದೂ ಒಂದು ಕ್ರಮದಲ್ಲಿ. ಮೊದಲು ತಿಳಿ ಹಳದಿ, ಆಮೇಲೆ ಕೆಂಪು ನೇರಳೆ, ಆಮೇಲೆ ನೀಲಿ, ತಿಳಿ ನೀಲಿ. ಪದರ ಇನ್ನೂ ದಪ್ಪ ಆದರೆ ಎರಡನೇ ಸುತ್ತು ಶುರು: ಮತ್ತೆ ಹಳದಿ, ಗುಲಾಬಿ, ಹಸಿರು. ಕೊನೆಗೆ ಬೂದು, ಕಪ್ಪು. ಈ ಕ್ರಮವನ್ನು ಬಾಯಿಪಾಠ ಮಾಡಿಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಶುರು ಮಾಡುವವರು ಐದನೇ ಜಾರ್ಜ್‌ನ ರೂಪಾಯಿ ಹುಡುಕುವುದು ಒಳ್ಳೆಯದು. 1912ರಿಂದ 1920ರವರೆಗಿನವು ಧಾರಾಳವಾಗಿ ಸಿಗುತ್ತವೆ. 1918ರದ್ದು ಸಿಕ್ಕರೆ ಇನ್ನೂ ಮಜಾ. ಆ ವರ್ಷ ಇಲ್ಲಿ ಬೆಳ್ಳಿ ಸಾಲದೆ ಬ್ರಿಟನ್ ಅಮೆರಿಕದ ಮೊರೆ ಹೋಯಿತು, ಅಮೆರಿಕ ಪಿಟ್‌ಮನ್ ಕಾಯ್ದೆ ಮಾಡಿ ಸುಮಾರು 27 ಕೋಟಿ ಬೆಳ್ಳಿ ಡಾಲರ್ ಕರಗಿಸಿ ಹೆಚ್ಚಿನ ಪಾಲನ್ನು ಭಾರತದ ರೂಪಾಯಿಗೆ ಅಂತ ಮಾರಿತು. ಕರಗದೆ ಖಜಾನೆಯ ಬಟ್ಟೆ ಚೀಲಗಳಲ್ಲೇ ಉಳಿದ ಮಾರ್ಗನ್ ಎಂಬ ಬೆಳ್ಳಿ ಡಾಲರ್‌ಗಳಲ್ಲಿ ಕೆಲವಕ್ಕೆ ಕಾಮನಬಿಲ್ಲಿನ ಬಣ್ಣ ಬಂದು, ಅಲ್ಲಿನವರು ಇವತ್ತು ಅವಕ್ಕೆ ದೊಡ್ಡ ದುಡ್ಡು ಸುರಿಯುತ್ತಾರೆ. ಇನ್ನು 1940ರಿಂದ 1945ರವರೆಗಿನ ಆರನೇ ಜಾರ್ಜ್ ರೂಪಾಯಿಯಲ್ಲಿ ಬೆಳ್ಳಿ ಅರ್ಧ ಮಾತ್ರ. ಬಣ್ಣದ ಆಸೆಗೆ ಅದರ ಹಿಂದೆ ಬೀಳಬೇಡಿ.

ಅಂಗಡಿಯಲ್ಲೋ ನಾಣ್ಯ ಮೇಳದಲ್ಲೋ ಮೊದಲು ತೂಗಿಸಿ. ಐದನೇ ಜಾರ್ಜ್ ರೂಪಾಯಿಯ ತೂಕ ಒಂದು ತೊಲ, ಅಂದರೆ 11.66 ಗ್ರಾಂ, ಅದರಲ್ಲಿ ಬೆಳ್ಳಿ ಶೇ 91.7. ಸವೆದಿದ್ದರೆ ಸ್ವಲ್ಪ ಕಡಿಮೆ ಬರಬಹುದು, ತೀರಾ ಕಡಿಮೆ ಬಂದರೆ ವಾಪಸ್ ಕೊಡಿ. ಅಂಚಿನ ಸುತ್ತ ಬೆರಳಲ್ಲಿ ಅಲ್ಲ, ಕಣ್ಣಲ್ಲಿ ನೋಡಿ: ಸರಕ್ಕೆ ಪೋಣಿಸಲು ಬೆಸುಗೆ ಹಾಕಿದ್ದ ಕೊಂಡಿಯನ್ನು ಕಿತ್ತು ಉಜ್ಜಿರುತ್ತಾರೆ.

ಈಗ ಬಣ್ಣಕ್ಕೆ ಬನ್ನಿ. ನಾಣ್ಯವನ್ನು ಅಂಚಿನಲ್ಲಿ ಹಿಡಿದು ಒಂದೇ ಬಲ್ಬಿನ ಕೆಳಗೆ ನಿಧಾನವಾಗಿ ವಾಲಿಸಿ. ಸವೆಯದ ನಾಣ್ಯವಾದರೆ ಟಂಕಸಾಲೆಯ ಮೂಲ ಹೊಳಪು ಬಣ್ಣದ ಅಡಿಯಿಂದ ಗಾಲಿಯ ಕಡ್ಡಿಗಳಂತೆ ತಿರುಗಬೇಕು. ಬಣ್ಣ ಜೋರಾಗಿದ್ದು ಅಡಿಯಲ್ಲಿ ಸಪ್ಪೆ ಇದ್ದರೆ, ಆಸಿಡ್‌ನಲ್ಲಿ ಅದ್ದಿ ತೆಗೆದ ನಾಣ್ಯಕ್ಕೆ ಆಮೇಲೆ ಬಣ್ಣ ಬಂದಿದೆ ಅಂತ. ಲೆನ್ಸ್ ಇಟ್ಟು ನೋಡಿದಾಗ ರಾಜನ ಕೆನ್ನೆ ಮೇಲೆ ಒಂದೇ ದಿಕ್ಕಿಗೆ ಕೂದಲೆಳೆಯಂಥ ಗೀರು ಕಂಡರೆ ಯಾರೋ ತಿಕ್ಕಿದ್ದಾರೆ, ಮೇಲಿನ ಬಣ್ಣ ಎಷ್ಟೇ ಚೆನ್ನಾಗಿರಲಿ.

ಆಮೇಲೆ ಆ ಕ್ರಮ. ಕಾಗದದ ಲಕೋಟೆ ಅಥವಾ ರಟ್ಟಿನ ಆಲ್ಬಮ್‌ನಲ್ಲಿ ಇದ್ದ ನಾಣ್ಯಕ್ಕೆ ಸಾಮಾನ್ಯವಾಗಿ ಅಂಚಿನಿಂದ ಒಳಗೆ ಬಣ್ಣ ಹಬ್ಬುತ್ತದೆ: ಅಂಚಿನಲ್ಲಿ ನೀಲಿ, ಒಳಗೆ ನೇರಳೆ, ಇನ್ನೂ ಒಳಗೆ ಹೊಂಬಣ್ಣ, ನಡುವೆ ಬೆಳ್ಳಿ. ಅಕ್ಷರಗಳ ಬುಡದಲ್ಲಿ ಬಣ್ಣ ಸ್ವಲ್ಪ ತಿಳಿಯಾಗಿರುವುದೂ ಒಳ್ಳೆಯ ಗುರುತು. ಹಸಿರು ಬರುವುದೇ ಎರಡನೇ ಸುತ್ತಿನಲ್ಲಿ ಅಲ್ವಾ? ಹಾಗಾಗಿ ಬಿಳಿ ಬೆಳ್ಳಿಯ ಪಕ್ಕದಲ್ಲೇ, ನಡುವೆ ಏನೂ ಇಲ್ಲದೆ, ದಟ್ಟ ಹಸಿರು ಕೂತಿದ್ದರೆ ಅನುಮಾನ ಪಡಿ. ಬೆಂದ ಮೊಟ್ಟೆಯ ಹಳದಿ, ಗಂಧಕದ ದ್ರಾವಣ, ಓವನ್ ಶಾಖ, ಎಲ್ಲವನ್ನೂ ಬಳಸಿ ಬಣ್ಣ ಬರಿಸುತ್ತಾರೆ. ಅಂಥ ಬಣ್ಣ ಬೆಳ್ಳಿಗೆ ಅಂಟದೆ ಮೇಲೆ ತೇಲಿದ ಹಾಗೆ ಇರುತ್ತದೆ, ಕೆಲವೊಮ್ಮೆ ವಾಸನೆಯೂ ಹೋಗಿರುವುದಿಲ್ಲ. ಮೂಗಿನ ಹತ್ತಿರ ಹಿಡಿಯಲು ನಾಚಿಕೆ ಬೇಡ.

ದೊಡ್ಡ ಮೊತ್ತ ಕೊಡುವುದಾದರೆ ಪಿಸಿಜಿಎಸ್ ಅಥವಾ ಎನ್‌ಜಿಸಿ ಎಂಬ ಅಮೆರಿಕದ ನಾಣ್ಯ ಪರೀಕ್ಷಾ ಸಂಸ್ಥೆಗಳು ಪರೀಕ್ಷಿಸಿ ಡಬ್ಬಿಯಲ್ಲಿ ಮುಚ್ಚಿದ ನಾಣ್ಯವನ್ನೇ ಕೊಳ್ಳಿ. ನನ್ನ ಕೇಳಿದರೆ, ಬಣ್ಣ ಇಲ್ಲದಿದ್ದರೂ ಇಷ್ಟ ಆಗುವ ನಾಣ್ಯವನ್ನೇ ತೆಗೆದುಕೊಳ್ಳಬೇಕು.

ಮನೆಗೆ ತಂದ ಮೇಲೆ ಮೆತ್ತನೆಯ ಪಿವಿಸಿ ಕವರಿಗೆ ಹಾಕಬೇಡಿ. ಅದು ಹಳತಾದಂತೆ ನಾಣ್ಯದ ಮೇಲೆ ಹಸಿರು ಜಿಡ್ಡು ಬಿಡುತ್ತದೆ. ಅಂಥ ಜಿಡ್ಡು ಇದ್ದರೆ ಶುದ್ಧ ಅಸಿಟೋನ್‌ನಲ್ಲಿ ಅದ್ದಿ, ಒರೆಸದೆ ಒಣಗಿಸಿ. ಟೋನಿಂಗ್‌ಗೆ ಏನೂ ಆಗುವುದಿಲ್ಲ. ಕಿಟಕಿ ತೆರೆದಿರಲಿ, ಒಲೆ ಹತ್ತಿರ ಇರಬಾರದು. ಮೈಲಾರ್ (ಪಾಲಿಯೆಸ್ಟರ್ ಹಾಳೆಯ) ಕವರು ಅಥವಾ ಗಟ್ಟಿ ಪ್ಲಾಸ್ಟಿಕ್ ಡಬ್ಬಿ, ಜೊತೆಗೆ ಒಂದು ಸಿಲಿಕಾ ಜೆಲ್ ಪೊಟ್ಟಣ ಸಾಕು. ಕರಾವಳಿ ಕಡೆಯವರು ಮಳೆಗಾಲದಲ್ಲಿ ಪೊಟ್ಟಣ ಬದಲಿಸುತ್ತಿರಿ. ರಬ್ಬರ್ ಬ್ಯಾಂಡ್ ಹತ್ತಿರಕ್ಕೂ ಬರಬಾರದು, ಅದರಲ್ಲಿ ಗಂಧಕ ಇದೆ.

ಇನ್ನೊಂದು ವಿಷಯ. 1972ರ ಕಾಯ್ದೆ ಪ್ರಕಾರ 100 ವರ್ಷ ದಾಟಿದ ನಾಣ್ಯ ಪುರಾತನ ವಸ್ತು, ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಒಯ್ಯುವ ಹಾಗಿಲ್ಲ. ಅಮೆರಿಕದಲ್ಲಿರುವ ಮಗನಿಗೆ 1918ರ ರೂಪಾಯಿಯನ್ನು ಚಟ್ನಿಪುಡಿ ಜೊತೆ ಸೂಟ್‌ಕೇಸಿಗೆ ಹಾಕಿ ಕಳಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ.